ಇಕ್ಕಟ್ಟಿನ ಹಾದಿಯ ಮರ್ಯಾದೆ

ಮೊನ್ನೆ ಮೇಲುಸೇತುವೆಯೊಂದರ ಬುಡದಲ್ಲಿ, ಎರಡು ಸಾಲು ಒಂದಾಗುವೆಡೆ, ಪಕ್ಕದ ಸಾಲಿನ ತುದಿಯವರೆಗೂ ಬಂದ ಕಾರಿಗೆ ನಾನು ದಾರಿ ಬಿಡಲಿಲ್ಲ. ಇಷ್ಟು ಹೊತ್ತು ಕಾದವನು ನಾನು, ಈಗ ಬಂದವನಿಗೆ ಏಕೆ ಬಿಡಲಿ ಎಂಬ ಹಠ. ಇಬ್ಬರೂ ನಿಂತೆವು, ಹಿಂದಿದ್ದವರೂ ನಿಂತರು. ಆಗ ನನಗೆ ಹಳೆಯ ಲಂಡನ್ ಸೇತುವೆ ನೆನಪಾಯಿತು.

ಥೇಮ್ಸ್ ನದಿಯ ಮೇಲಿನ ಆ ಸೇತುವೆಯ ಇಕ್ಕೆಲಗಳಲ್ಲೂ ಮನೆ, ಅಂಗಡಿಗಳಿದ್ದವು. ನಡುವೆ ಉಳಿದ ಓಣಿಯಲ್ಲಿ ಗಾಡಿಗಳು ಎದುರುಬದುರಾಗಿ ಸಿಕ್ಕಿಕೊಳ್ಳುತ್ತಿದ್ದವು. 1722ರಲ್ಲಿ ನಗರದ ಮೇಯರು ಅಪ್ಪಣೆ ಹೊರಡಿಸಿದರು: ಊರೊಳಕ್ಕೆ ಬರುವ ಗಾಡಿ ಪಶ್ಚಿಮದ ಅಂಚಿಗೆ, ಹೊರಹೋಗುವುದು ಪೂರ್ವದ ಅಂಚಿಗೆ, ಎಂದರೆ ಎಲ್ಲರೂ ತಂತಮ್ಮ ಎಡಕ್ಕೆ. ನೋಡಿಕೊಳ್ಳಲು ಮೂವರನ್ನು ನೇಮಿಸಿದ್ದೂ ಆಯಿತು. 1756ರಲ್ಲಿ ಆ ಸೇತುವೆಗೆ ಇದೇ ಶಾಸನವಾಯಿತು. 1835ರ ಹೆದ್ದಾರಿ ಕಾಯಿದೆ ಇದನ್ನು ಇಂಗ್ಲೆಂಡಿನ ಉಳಿದ ರಸ್ತೆಗಳಿಗೂ ಹಬ್ಬಿಸಿತು. ನಾವು ಎಡಕ್ಕೆ ಸಾಗುವುದು ಬ್ರಿಟಿಷರ ಆಳ್ವಿಕೆಯಿಂದ ಬಂದ ಬಳುವಳಿಯೇ.

ಎದುರಾಗುವವರ ಜಗಳ ಹೀಗೆ ತೀರಿತು. ಒಂದೇ ದಿಕ್ಕಿಗೆ ಹೋಗುವವರದು ಉಳಿಯಿತು. ಜರ್ಮನಿ ಅದಕ್ಕೂ ನಿಯಮ ಬರೆದಿದೆ. ಸಾಲೊಂದು ಮುಗಿಯುವ ಕಡೆ, ಇಕ್ಕಟ್ಟಿನ ಬಾಯಲ್ಲಿಯೇ, ಅತ್ತಲಿಂದೊಂದು ಇತ್ತಲಿಂದೊಂದು ವಾಹನ ಸೇರಬೇಕು, ಜಿಪ್ಪಿನ ಹಲ್ಲುಗಳಂತೆ. ಪದ್ಧತಿಯ ಹೆಸರೂ ಜಿಪ್ಪಿನದೇ. ಆ ಲೆಕ್ಕದಲ್ಲಿ ತುದಿಯವರೆಗೆ ಬಂದಾತ ತಪ್ಪುಗಾರನಲ್ಲ, ತಪ್ಪು ನನ್ನದು.

ಲಂಡನ್ನಿನ ಅಷ್ಟೂ ಗಾಡಿಗಳಿಗೆ ಮೂವರು ಕಾವಲುಗಾರರು ಬೇಕಾದರು. ಒಂದು ಕಾರನ್ನು ಮುಂದೆ ಬಿಡಲು ನನಗೊಬ್ಬನಿಗೇ ಎಷ್ಟು ಮಂದಿ ಬೇಕು?