ಖಿಡಕಿ ಮೊದಲು ಬಾಗಿಲಾಗಿತ್ತು

ಕಿತ್ತೂರಿನ ಸಮೀಪದ ದೇಗಾಂವದ ಕಡೆ ಮನೆಮಾತಿನಲ್ಲಿ ಕೇಳಿಬರುವುದು ಖಿಡಕಿ. ‘ಖಿಡಕಿ ತಗೀರಿ, ಗಾಳಿ ಬರಲಿ’ ಎನ್ನುತ್ತಾರೆ, ‘ಖಿಡಕ್ಯಾಗ ಇಟ್ಟೀನಿ ನೋಡ’ ಎನ್ನುತ್ತಾರೆ. ಶಾಲೆಯ ಪುಸ್ತಕ ಮಾತ್ರ ಕಿಟಕಿ ಎಂದು ಕಲಿಸುತ್ತದೆ. ಓದು ಬಂದ ಮಗ ಅಜ್ಜಿಯನ್ನು ತಿದ್ದುವುದೂ ಉಂಟು. ಆದರೆ ಪದದ ಬೇರು ಹುಡುಕಿ ಹೊರಟರೆ ಅಜ್ಜಿಯ ನಾಲಗೆಯೇ ಮೂಲಕ್ಕೆ ಹತ್ತಿರ. ಪ್ರಾಕೃತದಲ್ಲಿ ‘ಖಡಕ್ಕಿ’ ಇದೆ, ಸಂಸ್ಕೃತ ಕೋಶಗಳಲ್ಲಿ ‘ಖಡಕ್ಕಿಕಾ’ ಇದೆ. ಮರಾಠಿ, ಹಿಂದಿಗಳ ಖಿಡಕಿ ಅದರದೇ ಮುಂದಿನ ರೂಪ. ದಕ್ಷಿಣಕ್ಕೆ ಇಳಿದಂತೆ ಮಹಾಪ್ರಾಣ ಸವೆದು, ಡಕಾರ ಟಕಾರವಾಗಿ ಕಿಟಕಿಯಾಯಿತು. ಉತ್ತರದಲ್ಲಿ ಹಾಗೇ ಉಳಿಯಿತು.

ಇದಕ್ಕಿಂತ ಬೆರಗು ಹುಟ್ಟಿಸುವುದು ಅದರ ಅರ್ಥ. ಖಡಕ್ಕಿಕಾ ಎಂದರೆ ಪಕ್ಕದ ಬಾಗಿಲು. ಹೆಬ್ಬಾಗಿಲಿನಲ್ಲಿ ಅಲ್ಲ, ಮಗ್ಗುಲಲ್ಲಿ, ಮನೆಯವರಷ್ಟೇ ಬಳಸುವ ಸಣ್ಣ ಬಾಗಿಲು. ನಮ್ಮಲ್ಲಿ ಕೋಟೆಗೂ ವಾಡೆಗೂ ಇರುವ ದಿಡ್ಡಿ ಬಾಗಿಲಿನ ಜಾತಿಯದು. ಹಿಂದಿಯಲ್ಲಿ ಖಿಡಕಿಗೆ ಹಿತ್ತಿಲ ಬಾಗಿಲು, ಕೋಟೆಯ ಗುಪ್ತದ್ವಾರ ಎಂಬ ಅರ್ಥಗಳು ಈಗಲೂ ಕೋಶದಲ್ಲಿವೆ. ಮನುಷ್ಯ ನುಸುಳುತ್ತಿದ್ದ ಕಂಡಿ ಬರಬರುತ್ತ ಕಣ್ಣಷ್ಟೇ ನುಸುಳುವ ಕಂಡಿಯಾಯಿತು.

ಇದು ನಮ್ಮ ನೆಲದ ಮಾತಷ್ಟೇ ಅಲ್ಲ. ಲ್ಯಾಟಿನ್ನಿನಲ್ಲಿ ಬಾಗಿಲಿಗೆ ಯಾನುವಾ ಎನ್ನುತ್ತಾರೆ. ಅದರ ಕಿರಿದಾದ ರೂಪದಿಂದ, ಅಂದರೆ ‘ಪುಟ್ಟ ಬಾಗಿಲು’ ಎಂಬುದರಿಂದ, ಪೋರ್ಚುಗೀಸರ ಜನೆಲಾ ಬಂತು. ಗೋವೆಯ ಕೊಂಕಣಿಗರು ಅದನ್ನು ಜನೆಲ್ ಮಾಡಿಕೊಂಡರು, ತಮಿಳರಿಗೆ ಅದು ಜನ್ನಲ್, ಬಂಗಾಳಿಗಳಿಗೆ ಜಾನಲಾ. ಘಟ್ಟದ ಮೇಲಿನ ಖಿಡಕಿ, ಘಟ್ಟದ ಕೆಳಗಿನ ಜನೆಲ್ ಎರಡೂ ಒಂದನ್ನೊಂದು ಅರಿಯದೆ ಬಾಗಿಲಿನ ಹೊಟ್ಟೆಯಲ್ಲೇ ಹುಟ್ಟಿದವು. ಗೋವೆಯ ಹಳೆಯ ಮನೆಗಳಲ್ಲಿ ಆ ಜನೆಲಿಗೆ ಗಾಜಿನ ಬದಲು ಹಾಲುಬಣ್ಣದ ತೆಳುವಾದ ಚಿಪ್ಪುಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸುತ್ತಿದ್ದರು. ಬಿಸಿಲು ಒಳಗೆ ಬರುವಾಗ ಬೆಳದಿಂಗಳಿನಷ್ಟು ತಂಪಾಗಿ ಬರುತ್ತಿತ್ತು. ಪಡದೆಯೇ ಬೇಡದ ಕಿಟಕಿ ಅದು.

ಗೋವೆಯ ಹೆಸರು ದೇಗಾಂವಕ್ಕೆ ಪರಕೀಯವಲ್ಲ. ಇಲ್ಲಿನ ಕಮಲನಾರಾಯಣ ಗುಡಿಯನ್ನು 12ನೇ ಶತಮಾನದಲ್ಲಿ ಕಟ್ಟಿಸಿದವಳು ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ. ಕಟ್ಟಿದ ಶಿಲ್ಪಿ ತಿಪ್ಪೋಜ. ಸಾಲಾಗಿ ಮೂರು ಗರ್ಭಗುಡಿ. ಅವಕ್ಕೆ ಬೆಳಕು ಬರುವ ದಾರಿ ಬಾಗಿಲೊಂದೇ. ಮಂಟಪದ ಬೆಳಕು ಕಂಬಗಳ ನಡುವೆ ಹಾದು, ಹೊಸ್ತಿಲು ದಾಟುವ ಹೊತ್ತಿಗೆ ಅರ್ಧವಾಗಿ, ದೇವರ ಪಾದ ಮುಟ್ಟುವಾಗ ಮಬ್ಬಾಗಿರುತ್ತದೆ. ಹೊಳೆಯುವ ಕಂಬಗಳ ಎಣ್ಣೆಗಪ್ಪು ಮೈಮೇಲೆ ಆ ಬೆಳಕು ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದನ್ನು ನೋಡಿದರೆ, ಎಷ್ಟು ಬೆಳಕು ಬೇಕು ಎಂಬುದನ್ನು ಆ ಕಾಲದವರು ಎಷ್ಟು ಯೋಚಿಸಿ ಅಳೆಯುತ್ತಿದ್ದರು ಎಂದು ತಿಳಿಯುತ್ತದೆ.

ಹಾಗಾದರೆ ಖಿಡಕಿ ಬರುವ ಮೊದಲು ಕನ್ನಡಿಗರ ಗೋಡೆಯಲ್ಲಿ ಏನಿತ್ತು? ಕಂಡಿ ಇತ್ತು, ಕಿಂಡಿ ಇತ್ತು. ಇವು ಅಚ್ಚಗನ್ನಡ. ಉಡುಪಿಯ ಕನಕನ ಕಿಂಡಿಯಿಂದಾಗಿ ಈ ಪದಕ್ಕೆ ನಾಡಿನಲ್ಲೆಲ್ಲ ಒಂದು ಭಕ್ತಿಯ ತೂಕ ಬಂದಿದೆ. ಕಿತ್ತೂರಿನ ಕೋಟೆಯೊಳಗಿನ ಅರಮನೆಯ ಅವಶೇಷದಲ್ಲಿ ಧ್ರುವನಕ್ಷತ್ರ ನೋಡಲೆಂದೇ ಗೋಡೆಯಲ್ಲಿ ಕೂರಿಸಿದ ಕೊಳವೆಗಿಂಡಿಯೊಂದಿದೆ. 1824ರ ಯುದ್ಧದ ನಂತರ ಅರಮನೆ ಪಾಳುಬಿದ್ದರೂ ಕಿಂಡಿ ಉಳಿದಿದೆ. ಒಂದೇ ಒಂದು ನಕ್ಷತ್ರಕ್ಕಾಗಿ ತೆರೆದ ಕಂಡಿ. ಗಾಳಿ ಅದರ ಕೆಲಸವಲ್ಲ, ಬೆಳಕೂ ಅಲ್ಲ.

ಬೆಳಕಿನ ಕೆಲಸಕ್ಕೆ ಬೇರೆ ಕಂಡಿ ಇತ್ತು, ಬೇರೆ ಹೆಸರಿತ್ತು: ಬೆಳಕಿಂಡಿ. ಸವದತ್ತಿ, ರಾಮದುರ್ಗದ ಬಯಲುಸೀಮೆಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಗೋಡೆ ಮೊಳ ದಪ್ಪ. ಹೊರಗೆ ಏಪ್ರಿಲ್ಲಿನ ಕೆಂಡದಂಥ ಗಾಳಿ. ಅಂಥಲ್ಲಿ ಗೋಡೆಗೆ ದೊಡ್ಡ ಖಿಡಕಿ ಇಡುವುದೆಂದರೆ ಝಳವನ್ನು ಕರೆದು ಕೂರಿಸಿದಂತೆ. ಅದಕ್ಕೇ ಬೆಳಕನ್ನು ತಲೆಯ ಮೇಲಿಂದ ಇಳಿಸಿದರು. ಅಡಿಗೆಮನೆಯ ಬೆಳಕಿಂಡಿಯಿಂದ ಹೊಗೆ ಮೇಲೇರುತ್ತಿತ್ತು, ಬಿಸಿಲಿನ ಕೋಲು ಕೆಳಗಿಳಿಯುತ್ತಿತ್ತು. ಆ ಕೋಲು ಎಲ್ಲಿ ಬಿದ್ದಿದೆ ಎಂದು ನೋಡಿ ಹೊತ್ತು ಹೇಳುವವರಿದ್ದರು. ಮಳೆ ಬಂದರೆ ಯಾರಾದರೂ ಮಾಳಿಗೆ ಹತ್ತಿ ಕಲ್ಲನ್ನೋ ತಗಡನ್ನೋ ಎಳೆದು ಮುಚ್ಚಬೇಕು. ಕಿತ್ತೂರು, ದೇಗಾಂವದ ಕಡೆ ಮಲೆನಾಡಿನ ಸೆರಗು ಶುರುವಾಗುವುದರಿಂದ ಮಳೆ ಜಾಸ್ತಿ, ಹಂಚಿನ ಮಾಡು ಜಾಸ್ತಿ. ಅಲ್ಲಿ ಹಂಚಿನ ನಡುವೆ ಗಾಜಿನ ಹಂಚೊಂದನ್ನು ಹೊದಿಸಿದರೆ ಅದೇ ಬೆಳಕಿಂಡಿ. ಹಳೆಯ ಮೈಸೂರಿನ ಕಡೆ ಇದನ್ನೇ ಗವಾಕ್ಷಿ ಎನ್ನುತ್ತಾರೆ.

ಗವಾಕ್ಷ ಸಂಸ್ಕೃತದ್ದು, ದನದ ಕಣ್ಣು ಎಂದರ್ಥ. ಅಮರಕೋಶ ಅದನ್ನು ವಾತಾಯನದ ಜೊತೆಗೆ ಹೇಳುತ್ತದೆ. ವಾತಾಯನವೆಂದರೆ ಗಾಳಿಯ ದಾರಿ. ಒಂದಕ್ಕೆ ಕಣ್ಣಿನ ಹೆಸರು, ಇನ್ನೊಂದಕ್ಕೆ ಗಾಳಿಯ ಹೆಸರು. ಇಂಗ್ಲಿಷರ ವಿಂಡೋ ಕೂಡ ಹಳೆಯ ನಾರ್ಸ್ ಭಾಷೆಯ ‘ಗಾಳಿಗಣ್ಣು’ ಎಂಬ ಪದದಿಂದ ಬಂದದ್ದು. ಎರಡೂ ಒಂದರಲ್ಲೇ ಕೂಡಿವೆ.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಜಾಲಂಧ್ರ. ಜಾಲರಂಧ್ರ ಎಂಬುದು ಬಾಯಲ್ಲಿ ಸವೆದು ಒಂದು ರಕಾರ ಕಳೆದುಕೊಂಡ ರೂಪ, ಹಳಗನ್ನಡದಲ್ಲಿ ಜಾಳಂದ್ರ. ಮುಚ್ಚಿಯೂ ತೆರೆದಿರುವ ಕಿಟಕಿ ಎಂದರೆ ಇದೇ. ನಮ್ಮ ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳ ನೀರುಂಡು ಹರಿಯುವ ಮಲಪ್ರಭೆ ಮುಂದೆ ಪಟ್ಟದಕಲ್ಲಿನ ದಂಡೆ ಮುಟ್ಟುತ್ತದೆ. ಅಲ್ಲಿ 8ನೇ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಿದೆ. ಅದರ ಗೋಡೆಯ ಜಾಲಂಧ್ರಗಳು ಬಗೆಬಗೆಯವು. ಒಂದರಲ್ಲಿ ಕಂಡ ಹೆಣಿಗೆಯನ್ನು ಇನ್ನೊಂದರಲ್ಲಿ ಹುಡುಕಬಾರದು. ಬೇಲೂರಿನ ಕಥೆ ಇನ್ನೂ ಕುತೂಹಲದ್ದು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಚೆನ್ನಕೇಶವನ ನವರಂಗ ಸುತ್ತಲೂ ತೆರೆದಿತ್ತು. ಕಂಬಗಳ ನಡುವೆ ಕಲ್ಲಿನ ಜಾಲಂಧ್ರಗಳು ಬಂದದ್ದು ಅವನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಕೆಲವದರಲ್ಲಿ ಪುರಾಣದ ಕಥೆ, ಕೆಲವದರಲ್ಲಿ ಬರಿಯ ರೇಖೆಗಳ ಆಟ. ಕಟ್ಟಡ ಮುಗಿದು ದಶಕಗಳಾದ ಮೇಲೆ ತೊಡಿಸಿದ ಕಲ್ಲಿನ ಪಡದೆ ಅದು. ಒಳಗಿನ ಸೂಕ್ಷ್ಮ ಕೆತ್ತನೆ ಈಗ ಕತ್ತಲಾಗಿದೆ ಎಂದು ಕೊರಗುವವರಿದ್ದಾರೆ. ನನಗೂ ಹಾಗನ್ನಿಸುತ್ತದೆ, ಆದರೆ ಆ ಜಾಲಂಧ್ರಗಳನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಪಡದೆ ಎಂದೆ. ಇದು ಪಾರಸಿಯ ಪರ್ದಾ. ಮರಾಠಿ ಅದನ್ನು ಪಡದಾ ಮಾಡಿತು, ನಮ್ಮ ಕಡೆಯ ಅರಿವೆ ಅಂಗಡಿಗಳಲ್ಲೂ ಅದೇ, ದಕ್ಷಿಣದಲ್ಲಿ ಪರದೆ. ಅದಕ್ಕೂ ಮುಂಚೆ ಕನ್ನಡಕ್ಕಿದ್ದದ್ದು ತೆರೆ. ನೀರಿನ ಅಲೆಗೂ ಬಟ್ಟೆಯ ಮರೆಗೂ ಒಂದೇ ಮಾತು, ಎರಡೂ ನೆರಿಗೆಗಟ್ಟಿ ಅಲುಗುವುದರಿಂದ ಇರಬೇಕು. ತಮಿಳಿನ ತಿರೈಗೂ ಇವೆರಡೂ ಅರ್ಥ. ‘ಬಾಗಿಲು ತೆರೆ’ ಎನ್ನುವಾಗಿನ ತೆರೆ ಬೇರೆ ಪದ. ಹಳಗನ್ನಡದಲ್ಲಿ ಅದನ್ನು ಶಕಟರೇಫದಿಂದ ‘ತೆಱೆ’ ಎಂದು ಬರೆಯುತ್ತಿದ್ದರು. ಆ ಅಕ್ಷರ ಬಳಕೆ ತಪ್ಪಿದ ಮೇಲೆ ಮುಚ್ಚುವ ತೆರೆಯೂ ಬಿಚ್ಚುವ ತೆರೆಯೂ ಒಂದೇ ರೂಪದಲ್ಲಿ ನಿಂತಿವೆ. ರಂಗದ ಮೇಲೆ ತೆರೆ ಇನ್ನೂ ಬದುಕಿದೆ. ಮನೆಯ ಖಿಡಕಿಯಿಂದ ಮಾತ್ರ ಅದು ಇಳಿದುಹೋಗಿದೆ.

ಇಷ್ಟು ಹೆಸರುಗಳಿದ್ದದ್ದು ಭಾಷೆಯ ಶ್ರೀಮಂತಿಕೆಗಾಗಿ ಅಲ್ಲ. ಒಂದೊಂದು ಕಂಡಿಗೂ ಒಂದೊಂದು ಕೆಲಸವಿತ್ತು. ಈಗ ಖಿಡಕಿಯೊಂದೇ ಎಲ್ಲ ಹೆಸರನ್ನೂ ನುಂಗಿದೆ, ಎಲ್ಲ ಕೆಲಸವನ್ನೂ ಹೊತ್ತಿದೆ. ಹೊಸ ಮನೆ ಕಟ್ಟಿಸುವವರು ನಾಲ್ಕೂ ಗೋಡೆಗೆ ಒಂದೇ ಅಳತೆಯ, ಸರಿಯುವ ಗಾಜಿನ ಕಿಟಕಿ ಇಟ್ಟು, ಆಮೇಲೆ ಬಿಸಿಲು ತಾಳದೆ ದಪ್ಪ ಪಡದೆ ತೂಗಿಸಿ, ಹಗಲಲ್ಲೇ ದೀಪ ಹಚ್ಚಿ ಕೂರುವುದನ್ನು ಕಂಡಾಗ ಸಂಕಟವಾಗುತ್ತದೆ. ಸರಿಯುವ ಗಾಜು ಎಷ್ಟು ದೂಡಿದರೂ ಅರ್ಧ ಕಂಡಿಯನ್ನಷ್ಟೇ ಬಿಡುತ್ತದೆ.

ಹಳೆಯ ವಾಡೆಗಳ ಸಾಗವಾನಿ ಖಿಡಕಿಯನ್ನು ಹತ್ತಿರದಿಂದ ನೋಡಿ. ನಾಲ್ಕು ಕದ: ಕೆಳಗೆರಡು, ಮೇಲೆರಡು. ಕೆಳಗಿನವನ್ನು ಮುಚ್ಚಿ ಮೇಲಿನವನ್ನು ತೆಗೆದರೆ ಓಣಿಯವರ ಕಣ್ಣು ಒಳಗೆ ಬೀಳದು, ಗಾಳಿ ನಿಲ್ಲದು, ಬೆಳಕು ಅಟ್ಟದ ತೊಲೆಗೆ ತಾಗಿ ಕೋಣೆಗೆಲ್ಲ ಹರಡುತ್ತದೆ. ಕೆಳಗಿನ ಕದದ ಎತ್ತರ ಚಾಪೆಯ ಮೇಲೆ ಕೂತವರ ತಲೆಗಿಂತ ತುಸು ಮೇಲೆ. ನೆಲದ ಮೇಲೆ ಕೂತು ಬದುಕುವ ಮನೆಯ ಲೆಕ್ಕ ಅದು. ಈಗ ಕುರ್ಚಿಯ ಮೇಲೆ ಕೂರುವವರು ಅರ್ಧ ಪಡದೆ ಹಾಕಿಸುವಾಗಲೂ ಇದೇ ಲೆಕ್ಕ ಹಿಡಿಯಬಹುದು: ಕೂತವರ ತಲೆಗಿಂತ ತುಸು ಮೇಲೆ ಅಡ್ಡಸರಳು, ಅದರ ಮೇಲೆಲ್ಲ ಖುಲ್ಲಾ. ಬಟ್ಟೆಗಾಗಿ ದೂರ ಹೋಗಬೇಕಿಲ್ಲ. ರಾಮದುರ್ಗದಲ್ಲಿ ಮಗ್ಗಗಳಿವೆ. ಮಾಸಿದ ನೂಲಿನ ಸೀರೆಯೊಂದನ್ನು ಅಡ್ಡ ಕತ್ತರಿಸಿದರೆ ಅಂಚು ತಾನಾಗಿ ಪಡದೆಯ ಅಂಚಾಗುತ್ತದೆ, ಅದರ ಮೇಲೆ ನಾಲ್ಕು ಕಸೂತಿಯ ಗೋಪುರ ಹಾಕಿದರೆ ಸಾಕು. ತೆಳು ನೂಲು ಬೆಳಕನ್ನು ತಡೆಯುವುದಿಲ್ಲ, ಸೋಸುತ್ತದೆ.

ಬಡಿಗೇರರು ಅಳತೆಗೆ ಬಂದಾಗ ಕೇಳುವ ಮಾತು ಒಂದೇ: ‘ಅಕ್ಕಾರ, ಖಿಡಕಿ ಎಷ್ಟ ಇಡೂಣ್ರಿ?’ ಎಷ್ಟು ಎಂಬುದಕ್ಕೆ ಮುಂಚೆ ಯಾವುದು ಯಾತಕ್ಕೆ ಎಂದು ಹೇಳಬೇಕು. ಅಡಿಗೆಮನೆಗೆ ಬೆಳಕಿಂಡಿ, ಪಡುವಣ ಗೋಡೆಗೆ ಮುಂಗಾರಿನ ಇರಿಚಲು ತಡೆಯುವ ಛಜ್ಜಾ, ಮೆಟ್ಟಿಲಿನ ಬದಿಗೆ ಇಟ್ಟಿಗೆಯ ಜಾಲಂಧ್ರ, ಮಲಗುವ ಕೋಣೆಗೆ ಮೇಲೆ ಕೆಳಗೆ ಬೇರೆಬೇರೆ ತೆಗೆಯುವ ಕದ. ಅವರು ಅದಕ್ಕೆ ಸೊಳ್ಳೆ ಬರದಂತೆ ಜಾಳಗಿ ಬೇಕೇ ಎಂದು ಕೇಳುತ್ತಾರೆ. ಬೇಕು ಎನ್ನಿ, ಜಾಲಂಧ್ರದ ಜಾಲವೇ ಅದು.