ಅರಮನೆಯ ತೋಟಕ್ಕೆ ಬಂದ ಸಿಂಹ

ನೆಪೋಲಿಯನ್ನನ ಆಳ್ವಿಕೆ ಮುಗಿದು ಬೂರ್ಬೋನ್ ವಂಶವೇ ಮತ್ತೆ ಫ್ರಾನ್ಸಿನ ಗದ್ದುಗೆ ಏರಿದ್ದ ಕಾಲ. ಶಿಲ್ಪವೆಂದರೆ ಗ್ರೀಕರ ದೇವತೆ, ರೋಮನ್ನರ ವೀರ. ಮೃಗಕ್ಕೇನಿದ್ದರೂ ಅವರ ಕಾಲಬುಡದಲ್ಲೇ ಜಾಗ. ಆ ಮೃಗವನ್ನು ಪೀಠಕ್ಕೇರಿಸಿದವನು ಆಂಟ್ವಾನ್ ಲೂಯಿ ಬಾರೀ, 1795ರಲ್ಲಿ ಹುಟ್ಟಿದ ಪ್ಯಾರಿಸ್ಸಿನ ಅಕ್ಕಸಾಲಿಯ ಮಗ.

ರೋಮ್‌ಗೆ ಕಳುಹಿಸಿಕೊಡುವ ಸರ್ಕಾರಿ ಬಹುಮಾನಕ್ಕೆ ಮತ್ತೆ ಮತ್ತೆ ಸ್ಪರ್ಧಿಸಿದರೂ ಅದು ಅವನಿಗೆ ದಕ್ಕಲಿಲ್ಲ. ಹೊಟ್ಟೆಪಾಡಿಗೆ ಫೋಕೊನಿಯೆ ಎಂಬ ಅಕ್ಕಸಾಲಿಯ ಬಳಿ ದುಡಿದ. ಅವನ ನಿಜವಾದ ಗುರುಮನೆ ಸೇನ್ ನದಿಯ ದಂಡೆಯ ಸಸ್ಯೋದ್ಯಾನ, ಅದರೊಳಗಿನ ಮೃಗಶಾಲೆ. ಅಲ್ಲಿ ಸಿಂಹವೊಂದು ಸತ್ತ ಸುದ್ದಿ ಬಂದಾಗ ಬಾರೀಯೂ ಅವನ ಗೆಳೆಯ, ಚಿತ್ರಕಾರ ದೆಲಕ್ರ್ವಾನೂ ಧಾವಿಸಿ ಹೋದರು. ಚರ್ಮ ಸುಲಿದ ಆ ಕಳೇಬರದ ಒಂದೊಂದು ಸ್ನಾಯುವನ್ನೂ ಬರೆದುಕೊಂಡರು. ಬಾರೀ ಬರೆದುದರ ಪಕ್ಕದಲ್ಲಿ ಅಳತೆಗಳೂ ಇದ್ದವು.

ಆ ಅಳತೆಯ ಫಲ 1833ರ ಕಲಾಪ್ರದರ್ಶನದಲ್ಲಿ ಕಂಡಿತು. ಸಿಂಹದ ಮುಂಗಾಲಿನಡಿ ಹಾವು. ಉಗುರುಗಳು ಹೊರಚಾಚಿವೆ, ತಲೆ ತಗ್ಗಿದೆ, ಮೂತಿ ಸುಕ್ಕುಗಟ್ಟಿ ಹಲ್ಲು ಕಾಣುತ್ತಿದೆ. ಹಾವು ಬಾಯ್ತೆರೆದು ತಿರುಗಿಬಿದ್ದಿದೆ. ದೊರೆ ಲೂಯಿ ಫಿಲಿಪ್‌ನ ಸರ್ಕಾರ ಅದನ್ನು ಕಂಚಿನಲ್ಲಿ ಕೊಂಡಿತು. ಎರಕ ಹೊಯ್ದವರು ಹೊನೊರೆ ಗೊನೋ ಮತ್ತು ಅವನ ಮಕ್ಕಳು. ಮೇಣ ಕರಗಿಸಿ ಆ ಜಾಗಕ್ಕೆ ಲೋಹ ತುಂಬುವ ವಿದ್ಯೆ ಆಗ ಫ್ರಾನ್ಸಿನಲ್ಲಿ ಹೆಚ್ಚುಕಡಿಮೆ ಮರೆತೇಹೋಗಿತ್ತು. ಅವರು ಒಂದೇ ಬಾರಿಗೆ ಹೊಯ್ದರು, ಆಮೇಲೆ ಉಳಿ ಮುಟ್ಟಿಸಲಿಲ್ಲ. ಹಾಗಾಗಿ ಜೇಡಿಯ ಮೇಲೆ ಶಿಲ್ಪಿಯ ಬೆರಳು ಆಡಿದ್ದೆಲ್ಲ ಕಂಚಿನಲ್ಲೂ ಉಳಿಯಿತು. ತ್ವಿಲೆರಿ ಅರಮನೆಯ ತೋಟದಲ್ಲಿ ಅದನ್ನು ನಿಲ್ಲಿಸಿದಾಗ, ಅರಸರ ತೋಟವೇನು ಮೃಗಶಾಲೆಯೇ ಎಂದು ಗೊಣಗಿದವರೂ ಇದ್ದರು. ಗೊಣಗುವವರು ಯಾವ ಕಾಲಕ್ಕೆ ಇಲ್ಲ!

ನಿಜವಾದ ಪೆಟ್ಟು ಬಿದ್ದದ್ದು 1837ರಲ್ಲಿ. ದೊರೆಮಗ ಓರ್ಲಿಯನ್ಸ್ ಡ್ಯೂಕ್‌ನ ಊಟದ ಮೇಜಿಗೆಂದು ಬಾರೀ ಬೇಟೆಯ ಶಿಲ್ಪಗಳ ಸಾಲನ್ನೇ ಮಾಡಿದ್ದ. ನಡುವೆ ಹುಲಿಬೇಟೆ: ಭಾರತೀಯ ಉಡುಪಿನ ಬೇಟೆಗಾರರನ್ನು ಹೊತ್ತ ಆನೆ, ಅದರ ಮೇಲೆರಗಿದ ಹುಲಿಗಳು. ಇಂಡಿಯಾವನ್ನು ಕಣ್ಣಾರೆ ಕಾಣದವನ ಕೈಕೆಲಸ. ಕಲಾಪ್ರದರ್ಶನದ ತೀರ್ಪುಗಾರರು ಅವನ್ನು ಒಳಗೇ ಸೇರಿಸಲಿಲ್ಲ. ಇದು ಶಿಲ್ಪವಲ್ಲ, ಅಕ್ಕಸಾಲಿ ಕೆಲಸ ಎಂಬುದು ಅವರ ಆಕ್ಷೇಪ. ಅಕ್ಕಸಾಲಿಯ ಮಗನಿಗೆ ಅದು ಎಷ್ಟು ಚುಚ್ಚಿರಬೇಕು! ಮುಂದೆ ಅನೇಕ ವರ್ಷ ಅವನು ಆ ಕಡೆ ತಲೆಹಾಕಲಿಲ್ಲ.

ಮಧ್ಯಮವರ್ಗದವರ ಮೇಜಿನ ಮೇಲೆ ಕೂರುವಂಥ ಪುಟ್ಟ ಕಂಚುಗಳನ್ನು ಮಾಡಿ ತಾನೇ ಮಾರತೊಡಗಿದ. ಅವುಗಳ ಗಾಢ ಹಸಿರು ಮೆರುಗು ಹೆಸರಾಯಿತು, ಲೆಕ್ಕ ಮಾತ್ರ ಕೂಡಿಬರಲಿಲ್ಲ. ಸಾಲ ಏರಿ, ಅವನ ಅಚ್ಚುಗಳೇ ಅನೇಕ ವರ್ಷ ವ್ಯಾಪಾರದ ಪಾಲುದಾರನ ಕೈವಶದಲ್ಲಿದ್ದವು.

1854ರಲ್ಲಿ ಅದೇ ಸಸ್ಯೋದ್ಯಾನದ ಸಂಗ್ರಹಾಲಯ ಅವನನ್ನು ಪ್ರಾಣಿಚಿತ್ರಣದ ಮೇಷ್ಟ್ರಾಗಿ ನೇಮಿಸಿತು. ಸವೆದ ಕೋಟಿನ, ಮಾತು ಕಡಿಮೆಯ ಆ ಮೇಷ್ಟ್ರ ಪಾಠ ಹುಡುಗರಿಗೆ ಸಪ್ಪೆ ಎನಿಸುತ್ತಿತ್ತು. ಅವರಲ್ಲೊಬ್ಬ ಮುಂದೆ ಹೆಸರಾಂತ ಶಿಲ್ಪಿಯಾದ ಒಗ್ಯುಸ್ತ್ ರೋದ್ಯಾಂ; ಬಾರೀ ತನಗೆ ಏನು ಕೊಟ್ಟನೆಂಬುದು ಅವನಿಗೆ ಹೊಳೆದದ್ದು ಎಷ್ಟೋ ಕಾಲದ ಮೇಲೆ. ಕಲಾ ಅಕಾಡೆಮಿ ಬಾರೀಯನ್ನು ಒಳಗೆ ಬಿಟ್ಟುಕೊಂಡದ್ದು 1868ರಲ್ಲಿ, ಅವನು ಸಾಯುವುದಕ್ಕೆ ಏಳು ವರ್ಷ ಮೊದಲು.