ಒಂದ ಕೈಚೀಲದಾಗ ಜಗತ್ತು

ಹೆಣ್ಮಕ್ಕಳು ಊರಿಗೆ ಹೊಂಟ್ರ ಗಂಟು ಭಾಳ ಅಂತ ಗಂಡಸರು ನಗೋದು ಇವತ್ತಿಂದಲ್ರೀ. 1888ರಾಗ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆಯ ವರದಿಗಾರ್ತಿ ನೆಲ್ಲಿ ಬ್ಲೈ ಜಗತ್ತು ಸುತ್ತಿ ಬರ್ತೀನಿ ಅಂದಾಗ ಆಫೀಸಿನ ಯಜಮಾನರೂ ಇದನ್ನೇ ಅಂದ್ರು. ಹೆಂಗಸಿಗೆ ಜೋಡಿಗೊಬ್ರು ಬೇಕು, ಸಾಮಾನು ರಾಶಿ ಬೇಕು, ಆಗೂದಲ್ಲ ಅಂತ.

ಮರುವರ್ಷ ನವೆಂಬರ್ 14ಕ್ಕ ಒಬ್ಬಾಕೀನ ಹೊಂಟ್ಲು. ಹಾಕಿದ್ದ ಲೆಕ್ಕ 75 ದಿನ. ಮೈಮ್ಯಾಲೊಂದು ಗೌನು, ಕೋಟು, ಕೈಯಾಗೊಂದು ಸಣ್ಣ ಚೀಲ. ರೊಕ್ಕ 200 ಪೌಂಡು. ಬಂಗಾರದ ನಾಣ್ಯ ಕಿಸೇದಾಗ, ನೋಟು ತೊಗಲಿನ ಸಂಚಿಯೊಳಗಿಟ್ಟು ಕೊರಳಿಗೆ. (ನಮ್ಮ ಅಜ್ಜಿಯ ಸೊಂಟದ ಸಂಚಿ ನೆನಪಾತು ನೋಡ್ರಿ!) ಸೂಜಿ-ದಾರ, ದೌತಿ, ಪೆನ್ನು ಎಲ್ಲಾ ಹಿಡಿಸಿದ್ವು. ಮುಖಕ್ಕ ಹಚ್ಚೋ ಕ್ರೀಮಿನ ಡಬ್ಬಿ ಒಂದ ಚೀಲ ಮುಚ್ಚಾಕ ಬಿಡ್ತಿರಲಿಲ್ಲಂತ.

ಆದ್ರ ತುಟ್ಟಿ ಆಗಿದ್ದು ರೊಕ್ಕಲ್ಲ, ದಿನ. ಕೊಲಂಬೋದಾಗ ಮುಂದಿನ ಹಡಗಿಗೆ ಕಾಯೂದ್ರಾಗ 5 ದಿನ ಹೋದ್ವು. ಕಡೀಕ ಅಮೆರಿಕಾದಾಗ ಹಿಮ ಬಿದ್ದು ರೈಲು ಹಾದಿ ಕಟ್ಟಿತು. ಪತ್ರಿಕೆಯವರು ಆಕಿಗಂತ ಸ್ಪೆಷಲ್ ರೈಲೇ ಮಾಡಿಸಿ, ಬ್ಯಾರೆ ಹಾದಿಲೆ ಕರಸ್ಕೊಂಡ್ರು. ಆ ಖರ್ಚು 200 ಪೌಂಡಿನಾಗ ಹಿಡೀಬ್ಯಾಡ್ರಿ ಮತ್ತ.

1890ರ ಜನವರಿ 25ಕ್ಕ, 72 ದಿನದಾಗ ಮುಟ್ಟಿದ್ಲು. ಜೋಡಿ ಸಿಂಗಪುರದಾಗ ಕೊಂಡಿದ್ದ ಒಂದು ಮಂಗ್ಯಾನೂ ಇತ್ತು!